ಚಳಿಗಾಲಕ್ಕೆ ನಾರ್ಫೋಕ್‌ನಿಂದ ಫ್ಲೋರಿಡಾಕ್ಕೆ ಹಾಯಿದೋಣಿ: ಒಳಗಿನ ನೀರುದಾರಿಯಲ್ಲಿ ಹೋದವರು ಯಾರಾದರೂ ಇದ್ದೀರಾ?

ಕೆರೆದಂಡೆ · 2024 ಸೆಪ್ಟೆಂಬರ್ 8

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಕಡೆಯವನು. ಈಜು ಕಲಿತದ್ದು ಊರ ಕೆರೆಯಲ್ಲಿ, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು. ಸಮುದ್ರ ನೋಡಿದ್ದು ಕಾಲೇಜು ಟೂರಿನಲ್ಲಿ. ಈಗ ಮೇರಿಲ್ಯಾಂಡ್‌ನಲ್ಲಿದ್ದೇನೆ. ಆರು ವರ್ಷದಿಂದ ಚೆಸಾಪೀಕ್ ಕೊಲ್ಲಿಯಲ್ಲಿ ಒಂದು ಹಳೇ ಹಾಯಿದೋಣಿ ಇಟ್ಟುಕೊಂಡಿದ್ದೇವೆ. 34 ಅಡಿ, 1986ರದ್ದು. ನೀರಿನ ಕೆಳಗೆ 5 ಅಡಿ ಮುಳುಗುತ್ತದೆ. ಹಾಯಿಗಂಬ ನೀರಿನಿಂದ 49 ಅಡಿ ಎತ್ತರ.

ಪ್ರತಿ ವರ್ಷ ನವೆಂಬರ್‌ನಲ್ಲಿ ದೋಣಿ ಮೇಲೆತ್ತಿಸಿ, ಪ್ಲಾಸ್ಟಿಕ್ ಹೊದಿಸಿ, ಮನೆಗೆ ಬಂದು ಐದು ತಿಂಗಳು ಕಿಟಕಿಯಲ್ಲಿ ಹಿಮ ನೋಡುವುದು. ಈ ವರ್ಷ ನಾನು ಕೆಲಸ ಬಿಟ್ಟೆ. ಮಗಳು ಕಾಲೇಜಿಗೆ ಹೋದಳು. ಹಾಗಾಗಿ ಹಕ್ಕಿಗಳ ಹಾಗೆ ದಕ್ಷಿಣಕ್ಕೆ ಹೋಗೋಣ ಅಂತ ಇಬ್ಬರೂ ತೀರ್ಮಾನ ಮಾಡಿದ್ದೇವೆ. ವರ್ಜೀನಿಯಾದ ನಾರ್ಫೋಕ್‌ನಿಂದ ಫ್ಲೋರಿಡಾದ ಮಯಾಮಿ ತನಕ ಕರಾವಳಿಯ ಒಳಗಡೆಯೇ ನೀರುದಾರಿ ಇದೆಯಲ್ಲ, ಇಂಟ್ರಾಕೋಸ್ಟಲ್ ವಾಟರ್‌ವೇ, ಅದರಲ್ಲಿ. ಸುಮಾರು 1,090 ಮೈಲಿ.

ನನ್ನ ಪ್ರಶ್ನೆ ಸರಳ. ನವೆಂಬರ್ 1ಕ್ಕೆ ನಾರ್ಫೋಕ್ ಬಿಟ್ಟರೆ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಮಯಾಮಿ ಸೇರಬಹುದಾ? ದಿನಕ್ಕೆ 50 ಮೈಲಿ ಅಂತ ಹಾಕಿದರೆ 22 ದಿನ. ನಾಲ್ಕು ದಿನ ಹೆಚ್ಚುವರಿ ಇಟ್ಟಿದ್ದೇನೆ. ಎಕ್ಸೆಲ್ ಶೀಟ್ ಮಾಡಿದ್ದೇನೆ. ಯಾವ ದಿನ ಯಾವ ಊರು ಅಂತ ಎಲ್ಲಾ ಇದೆ.

ಬಿಸಿಲುಬೆಂಗಳೂರು · ಸೆಪ್ಟೆಂಬರ್ 8

ಸರ್, ತಪ್ಪು ತಿಳ್ಕೋಬೇಡಿ. ಎರಡೂವರೆ ಗಂಟೆ ವಿಮಾನದಲ್ಲಿ ಆಗುವ ಕೆಲಸಕ್ಕೆ ಒಂದು ತಿಂಗಳು ಯಾಕೆ? ಅದೂ ಓಡೋ ಮನುಷ್ಯ ಹಿಂದೆ ಹಾಕುವಷ್ಟು ನಿಧಾನವಾಗಿ.

ಡೀಸೆಲ್‌ರಾಮ · ಸೆಪ್ಟೆಂಬರ್ 8

@ಕೆರೆದಂಡೆ, ಮೊದಲು ಆ ಎಕ್ಸೆಲ್ ಶೀಟ್ ಅಳಿಸಿ ಹಾಕಿ. ತಮಾಷೆಗೆ ಹೇಳುತ್ತಿಲ್ಲ.

ನಾನು ದಾವಣಗೆರೆಯವನು, ಇರುವುದು ನಾರ್ತ್ ಕ್ಯಾರೊಲಿನಾದಲ್ಲಿ. ಕಳೆದ ವರ್ಷ, ಅಂದರೆ 2023ರಲ್ಲಿ, ಇದೇ ದಾರಿಯಲ್ಲಿ ಹೋದೆ. ನನ್ನದೂ ಇಂಥದ್ದೇ ಶೀಟ್ ಇತ್ತು. ಅದರ ಕಥೆ ಆಮೇಲೆ ಹೇಳುತ್ತೇನೆ, ಅದಕ್ಕೆ ಸ್ವಲ್ಪ ಮರ್ಯಾದೆ ಪ್ರಶ್ನೆ ಇದೆ.

ಲೆಕ್ಕ ಮಾತ್ರ ಈಗ ಹೇಳುತ್ತೇನೆ. ಈ ನೀರುದಾರಿಯ ಮೈಲಿ ರಸ್ತೆಯ ಮೈಲಿ, ಸಮುದ್ರದ ಮೈಲಿ ಅಲ್ಲ. ನಿಮ್ಮ ದೋಣಿಯ ಮೀಟರ್ 5.5 ನಾಟ್, ಅಂದರೆ ಗಂಟೆಗೆ ಅಷ್ಟು ಸಮುದ್ರ ಮೈಲಿ, ತೋರಿಸಿದರೆ ರಸ್ತೆ ಮೈಲಿಯಲ್ಲಿ ಅದು 6.3. ಒಟ್ಟು 170 ಗಂಟೆ ಚಿಲ್ಲರೆ. ಅದರಲ್ಲಿ ಬಹುಪಾಲು ಎಂಜಿನ್ನೇ ಓಡಬೇಕು. ಕಾಲುವೆ ಕಿರಿದು, ಗಾಳಿ ಎದುರು ಬಂದರೆ ಹಾಯಿ ತಿರುಗಿಸಿಕೊಂಡು ಓಲಾಡಲು ಜಾಗವೇ ಇರುವುದಿಲ್ಲ. ನಿಮ್ಮಂಥ ಎಂಜಿನ್ ಗಂಟೆಗೆ ಮುಕ್ಕಾಲು ಗ್ಯಾಲನ್‌ಗಿಂತ ಸ್ವಲ್ಪ ಕಡಿಮೆ ಕುಡಿಯುತ್ತದೆ. 120 ಗ್ಯಾಲನ್ ಡೀಸೆಲ್ ಅಂತ ಇಟ್ಟುಕೊಳ್ಳಿ. ಡೀಸೆಲ್ ಫಿಲ್ಟರ್ ನಾಲ್ಕಾದರೂ ಜೊತೆಗಿರಲಿ. ಹಳೇ ಟ್ಯಾಂಕಿನ ತಳದ ಕಸವೆಲ್ಲ ಅಲ್ಬೆಮಾರ್ಲ್ ಸೌಂಡ್ ಅನ್ನುವ ಅಗಲವಾದ ಹಿನ್ನೀರಿನ ಕುಲುಕಾಟದಲ್ಲಿ ಮೇಲೇಳುತ್ತದೆ. ಎಂಜಿನ್ ನಿಲ್ಲುವುದು ಸರಿಯಾಗಿ ಅಲ್ಲೇ.

ನವೆಂಬರ್‌ನಲ್ಲಿ ಬೆಳಕು ಹತ್ತೂವರೆ ಗಂಟೆ. ಲಂಗರು ಎತ್ತುವುದು, ಸೇತುವೆಗೆ ಕಾಯುವುದು, ಮತ್ತೆ ಕತ್ತಲಾಗುವ ಮುಂಚೆ ಲಂಗರು ಹಾಕುವುದು ಎಲ್ಲಾ ಸೇರಿ ದಿನಕ್ಕೆ 40 ಮೈಲಿ ಆದರೆ ಒಳ್ಳೇ ದಿನ. ನಾಲ್ಕು ದಿನಕ್ಕೊಮ್ಮೆ ಒಂದು ದಿನ ಗಾಳಿಗೆ ಹೋಗುತ್ತದೆ.

ವಿಮಲಾ_ಜಾಕ್ಸನ್‌ವಿಲ್ · ಸೆಪ್ಟೆಂಬರ್ 9

ನಾನೂ ನಮ್ಮನೆಯವರೂ ಎರಡು ಸಲ ಈ ದಾರಿಯಲ್ಲಿ ಬಂದಿದ್ದೇವೆ. ಡೀಸೆಲ್‌ರಾಮ ಅವರು ಎಂಜಿನ್ ವಿಷಯ ಹೇಳಿದ್ದಾರೆ, ನಾನು ಉಳಿದದ್ದು ಹೇಳುತ್ತೇನೆ.

ಸೇತುವೆ. ತೆರೆಯಲು ಬಾರದ ಸೇತುವೆಗಳೆಲ್ಲ 65 ಅಡಿ ಎತ್ತರ ಅಂತ ಲೆಕ್ಕ. ಮಯಾಮಿಯಲ್ಲಿ ಒಂದು ಮಾತ್ರ 56. ನಿಮ್ಮದು 49, ಚಿಂತೆಯಿಲ್ಲ. ಆದರೂ ಮೊದಲ ಸೇತುವೆಯ ಕೆಳಗೆ ಹೋಗುವಾಗ ತಲೆ ಎತ್ತಿ ನೋಡಬೇಡಿ. ಕೆಳಗಿನಿಂದ ನೋಡಿದರೆ ಗಂಬ ತಾಗಿಯೇ ತಾಗುತ್ತದೆ ಅನ್ನಿಸುತ್ತದೆ. ಹದಿನೈದು ಅಡಿ ಬಿಡುವಿದ್ದರೂ ನಾನು ಕಣ್ಣು ಮುಚ್ಚಿಕೊಂಡು ರಾಯರನ್ನು ನೆನೆಸಿಕೊಂಡೆ.

ತೆರೆಯುವ ಸೇತುವೆಗೆ ರೇಡಿಯೋದಲ್ಲಿ ಕರೆದು ಕೇಳಬೇಕು. ವರ್ಜೀನಿಯಾ, ನಾರ್ತ್ ಕ್ಯಾರೊಲಿನಾದಲ್ಲಿ 13ನೇ ಚಾನೆಲ್. ಫ್ಲೋರಿಡಾದಲ್ಲಿ 9. ಸೇತುವೆ ಹೆಸರು ಹೇಳಿ, ದೋಣಿ ಹೆಸರು ಹೇಳಿ, ದಯವಿಟ್ಟು ಅನ್ನಿ, ತೆರೆದ ಮೇಲೆ ಥ್ಯಾಂಕ್ಸ್ ಹೇಳಿ. ಅಲ್ಲಿ ಕೂತವರಿಗೆ ದಿನವೆಲ್ಲ ಬೈಗುಳ ಕೇಳಿ ಸಾಕಾಗಿರುತ್ತದೆ.

ಗುರುತು ಕಂಬ. ಕೆಂಪು ಯಾವ ಕಡೆ, ಹಸಿರು ಯಾವ ಕಡೆ ಅಂತ ನೀವು ಚೆಸಾಪೀಕ್‌ನಲ್ಲಿ ಕಲಿತದ್ದು ಇಲ್ಲಿ ಕೆಲವು ಕಡೆ ಕೈ ಕೊಡುತ್ತದೆ. ದೊಡ್ಡ ನದಿ ಅಡ್ಡ ಬಂದಾಗ, ಅಳಿವೆ ಬಂದಾಗ ಬಣ್ಣ ಅದಲು ಬದಲಾಗುತ್ತದೆ. ಅದಕ್ಕೇ ಪ್ರತಿ ಕಂಬದ ಮೇಲೂ ಚಿಕ್ಕದೊಂದು ಹಳದಿ ಗುರುತು ಅಂಟಿಸಿರುತ್ತಾರೆ. ದಕ್ಷಿಣಕ್ಕೆ ಹೋಗುವವರಿಗೆ ಹಳದಿ ತ್ರಿಕೋನ ಬಲಕ್ಕೆ, ಹಳದಿ ಚೌಕ ಎಡಕ್ಕೆ. ಅಷ್ಟೇ. ಅಳಿವೆ ಹತ್ತಿರ ಬಣ್ಣ ಮರೆತು ಹಳದಿ ನೋಡಿ.

ಇನ್ನು ಚಳಿ. ಫ್ಲೋರಿಡಾ ಅಂತ ಹತ್ತಿ ಬಟ್ಟೆ ತುಂಬಿಕೊಂಡು ಹೊರಡಬೇಡಿ. ಸೌತ್ ಕ್ಯಾರೊಲಿನಾ ದಾಟುವ ತನಕ ಬೆಳಿಗ್ಗೆ ಚುಕ್ಕಾಣಿ ಹಿಡಿದ ಕೈ ಮರಗಟ್ಟುತ್ತದೆ. ರಾತ್ರಿ ಅಡುಗೆ ಮಾಡಿದ ಆವಿ ಒಳಗೆಲ್ಲಾ ನೀರಾಗಿ ಹಾಸಿಗೆ ಮೇಲೆ ತೊಟ್ಟಿಕ್ಕುತ್ತದೆ. ಕುಕ್ಕರ್ ಇಡುವಾಗ ಮೇಲಿನ ಬಾಗಿಲು ತೆಗೆದಿಡಿ.

ಕೆರೆದಂಡೆ · ಸೆಪ್ಟೆಂಬರ್ 9

ವಿಮಲಕ್ಕಾ, ಕುಕ್ಕರ್ ಒಯ್ಯುತ್ತೀರಾ? ಪುಸ್ತಕಗಳಲ್ಲೆಲ್ಲಾ ಒಂದೇ ಪಾತ್ರೆ ಅಡುಗೆ ಅಂತ ಬರೆದಿರುತ್ತಾರೆ.

ವಿಮಲಾ_ಜಾಕ್ಸನ್‌ವಿಲ್ · ಸೆಪ್ಟೆಂಬರ್ 9

ಕುಕ್ಕರ್ ಇಲ್ಲದೆ ದೋಣಿ ಬಿಡಲೇಬಾರದು. ಗ್ಯಾಸ್ ಉಳಿಯುತ್ತದೆ, ನೀರು ಉಳಿಯುತ್ತದೆ, ದೋಣಿ ವಾಲಿದರೂ ಮುಚ್ಚಳ ಭದ್ರ. ಒಂದು ಸಂಜೆ ಮೂರನೇ ಸೀಟಿಗೆ ಪಕ್ಕದ ದೋಣಿಯ ಕೆನಡಾ ಅಜ್ಜ ಅವನ ಡಿಂಗಿ, ಅಂದರೆ ಪುಟ್ಟ ದೋಣಿ, ಹತ್ತಿ ಬಂದುಬಿಟ್ಟ. ನಮ್ಮ ಗ್ಯಾಸ್ ಸೋರುತ್ತಿದೆ ಅಂದುಕೊಂಡಿದ್ದನಂತೆ. ಬಿಸಿಬೇಳೆಬಾತ್ ತಿಂದು ಹೋದ. ಮಾರನೇ ದಿನ ಅವನೇ ಮುಂದಿನ ತಿರುವಿನಲ್ಲಿ ಎಲ್ಲಿ ಆಳ ಇಲ್ಲ ಅಂತ ರೇಡಿಯೋದಲ್ಲಿ ಹೇಳಿದ.

ಅಘನಾಶಿನಿ · ಸೆಪ್ಟೆಂಬರ್ 11

ನಾನು ಕುಮಟೆಯವನು, ಅಮೆರಿಕ ನೋಡಿಲ್ಲ. ನಮ್ಮದು ದೋಣಿ ಮನೆತನ. ಒಂದು ಕೇಳಬೇಕು. ಇಷ್ಟು ಉದ್ದದ ದಾರಿಯಲ್ಲಿ ಸಮುದ್ರಕ್ಕೆ ಹೋಗಲೇಬೇಕಾಗಿಲ್ಲವಾ? ನಮ್ಮಲ್ಲಿ ತದಡಿಯಿಂದ ಹೊನ್ನಾವರಕ್ಕೆ ಹೋಗಬೇಕೆಂದರೂ ಅಳಿವೆ ದಾಟಿ ಹೊರಗೆ ಬೀಳಬೇಕು.

ಡೀಸೆಲ್‌ರಾಮ · ಸೆಪ್ಟೆಂಬರ್ 11

ಬೇಕಾಗಿಲ್ಲ ಅಣ್ಣ. ಅದೇ ಇದರ ವಿಶೇಷ. ಇಲ್ಲಿಯ ಕರಾವಳಿಗೆ ಮುಂದೆ ಉದ್ದಕ್ಕೂ ಮರಳ ದ್ವೀಪಗಳ ಸಾಲು. ಹಿಂದೆ ಹಿನ್ನೀರು, ನದಿ, ಜೌಗು. ನಡುನಡುವೆ ನೆಲ ಅಡ್ಡ ಬಂದ ಕಡೆ ಕಾಲುವೆ ತೋಡಿ ಜೋಡಿಸಿದ್ದಾರೆ. ಒಂದೇ ಸಲ ಮಾಡಿದ್ದಲ್ಲ. ಡಿಸ್ಮಲ್ ಸ್ವಾಂಪ್ ಕಾಲುವೆ ಅಗೆಯಲು ಶುರು ಮಾಡಿದ್ದು 1793ರಲ್ಲಿ, ಗುಲಾಮರ ಕೈಯಲ್ಲಿ. 1805ರಲ್ಲಿ ತೆರೆಯಿತು. ಪಕ್ಕದ ಅಲ್ಬೆಮಾರ್ಲ್-ಚೆಸಾಪೀಕ್ ಕಾಲುವೆ 1859ರದ್ದು. ಮರ್ಟಲ್ ಬೀಚ್ ಹಿಂದಿನ ಬಂಡೆಗಲ್ಲಿನ ತುಂಡು ಮುಗಿದದ್ದು 1936ರಲ್ಲಿ. 1942ರಲ್ಲಿ ಜರ್ಮನ್ ಸಬ್‌ಮರೀನ್‌ಗಳು ಇದೇ ಕರಾವಳಿಯಲ್ಲಿ ಹಡಗು ಮುಳುಗಿಸುತ್ತಿದ್ದಾಗ ಈ ಒಳದಾರಿಯ ಬೆಲೆ ಎಲ್ಲರಿಗೂ ಗೊತ್ತಾಯಿತು.

ಹೊರಗೆ ಹೋಗುವವರೂ ಇದ್ದಾರೆ. ಬೇಗ ಆಗುತ್ತದೆ. ಆದರೆ ನಾರ್ಫೋಕ್ ಬಿಟ್ಟ ಕೂಡಲೇ ಕೇಪ್ ಹ್ಯಾಟೆರಾಸ್. ಗಲ್ಫ್ ಸ್ಟ್ರೀಮ್ ಪ್ರವಾಹ ಅಲ್ಲಿ ದಡದ ಹತ್ತಿರವೇ ಉತ್ತರಕ್ಕೆ ಹರಿಯುತ್ತದೆ. ಚಳಿಗಾಲದ ಉತ್ತರ ಗಾಳಿ ಅದಕ್ಕೆ ಎದುರಾಗಿ ಬೀಸಿದರೆ ಅಲೆ ಗೋಡೆ ಥರ ಏಳುತ್ತದೆ. ಅದಕ್ಕೇ ಬಹಳ ಜನ ಮೊದಲ 200 ಮೈಲಿ, ನಾರ್ತ್ ಕ್ಯಾರೊಲಿನಾದ ಬೋಫರ್ಟ್ ತನಕ, ಕಣ್ಣು ಮುಚ್ಚಿ ಒಳಗಡೆ ಹೋಗುತ್ತಾರೆ. ಆಮೇಲೆ ಹವಾ ನೋಡಿಕೊಂಡು ಒಂದೊಂದು ಹಾರಿಕೆ ಹೊರಗೆ.

ಬಿಸಿಲುಬೆಂಗಳೂರು · ಸೆಪ್ಟೆಂಬರ್ 12

ನಮ್ಮ ದೇಶದಲ್ಲಿ ಇಂಥದ್ದೇನೂ ಇಲ್ಲವಾ?

ಅಘನಾಶಿನಿ · ಸೆಪ್ಟೆಂಬರ್ 12

ಕೇರಳದಲ್ಲಿದೆ. ಕೊಲ್ಲಂನಿಂದ ಕೊಟ್ಟಪ್ಪುರಂ, 1993ರಲ್ಲೇ ರಾಷ್ಟ್ರೀಯ ಜಲಮಾರ್ಗ 3 ಅಂತ ಘೋಷಣೆ ಆಯಿತು. ಪೂರ್ವದಲ್ಲಿ ಬ್ರಿಟಿಷರ ಕಾಲದ ಬಕಿಂಗ್‌ಹ್ಯಾಮ್ ಕಾಲುವೆ ಇತ್ತು, ಚೆನ್ನೈ ಊರೊಳಗೆ ಈಗ ಚರಂಡಿ ಆಗಿದೆ. ನಮ್ಮ ಜಿಲ್ಲೆಯಲ್ಲಿ ಗುಡ್ಡವೇ ಸಮುದ್ರಕ್ಕೆ ಕಾಲು ಇಳಿಬಿಟ್ಟು ಕೂತಿದೆ, ಎಲ್ಲಿ ತೋಡುವುದು?

ಕೆರೆದಂಡೆ · ಅಕ್ಟೋಬರ್ 11

ಒಂದು ತಿಂಗಳು ಬರೆಯಲಾಗಲಿಲ್ಲ. ಬ್ಯಾಟರಿ, ಪಂಪು, ಹಗ್ಗ ಅಂತ ಓಡಾಟ. ನಿನ್ನೆ ಮಿಲ್ಟನ್ ಚಂಡಮಾರುತ ಫ್ಲೋರಿಡಾವನ್ನು ಅಡ್ಡ ದಾಟಿ ಅಟ್ಲಾಂಟಿಕ್‌ಗೆ ಇಳಿಯಿತು. ಫೋರ್ಟ್ ಪಿಯರ್ಸ್ ಕಡೆ ಸುಂಟರಗಾಳಿ ಬೇರೆ. ನಾವು ಹೋಗಬೇಕೆಂದಿರುವ ದಾರಿಯೇ ಅದು. ಮನೆಯವಳು ಟಿವಿ ನೋಡಿ ಮಾತೇ ಆಡಲಿಲ್ಲ. ಚೀಟಿಯಲ್ಲಿ ಅವಲಕ್ಕಿ 4 ಕೆಜಿ ಅಂತ ಬರೆದಿದ್ದನ್ನು 6 ಕೆಜಿ ಮಾಡಿದಳು. ಅದನ್ನು ಒಪ್ಪಿಗೆ ಅಂತಲೇ ತಿಳಿದುಕೊಂಡಿದ್ದೇನೆ.

ವಿಮಲಾ_ಜಾಕ್ಸನ್‌ವಿಲ್ · ಅಕ್ಟೋಬರ್ 11

ನಮಗೆ ಏನೂ ಆಗಲಿಲ್ಲ, ಕೊಂಬೆ ಮುರಿದು ಬಿದ್ದವು ಅಷ್ಟೇ. ಇದಕ್ಕೇ ನೋಡಿ, ಬಹಳಷ್ಟು ವಿಮೆ ಪಾಲಿಸಿಗಳಲ್ಲಿ ನವೆಂಬರ್ 1ರ ತನಕ ದಕ್ಷಿಣಕ್ಕೆ ಬರಬೇಡಿ ಅಂತ ಗೆರೆ ಹಾಕಿರುವುದು. ಚಂಡಮಾರುತದ ಕಾಲ ಕಾಗದದ ಮೇಲೆ ನವೆಂಬರ್ 30ರ ತನಕ. ನಿಮ್ಮ ಪಾಲಿಸಿಯಲ್ಲಿ ಯಾವ ತಾರೀಕು, ಯಾವ ಅಕ್ಷಾಂಶ ಇದೆ ಅಂತ ಓದಿಕೊಳ್ಳಿ.

ಕೆರೆದಂಡೆ · ನವೆಂಬರ್ 2

ನಿನ್ನೆ ಹೊರಟೆವು. ಪೋರ್ಟ್ಸ್‌ಮತ್ ಆಸ್ಪತ್ರೆಯ ಮುಂದಿನ ಕೆಂಪು 36ನೇ ಬಾಯ್, ಅಂದರೆ ತೇಲುವ ಗುರುತಿನ, ಹತ್ತಿರ ಮೈಲಿ ಸೊನ್ನೆ. ರಾಜ್ಯೋತ್ಸವ, ದೀಪಾವಳಿ ಅಮಾವಾಸ್ಯೆ, ವಿಮೆಯವರ ಗೆರೆ, ಮೂರೂ ಒಂದೇ ದಿನ. ಹಾಯಿಗಂಬದ ಬಲಗಡೆ ಹಗ್ಗದಲ್ಲಿ ಹಳದಿ ಕೆಂಪು ಬಾವುಟ ಏರಿಸಿದ್ದೇವೆ. ಬೇರೆ ದೇಶದ ನೀರಿಗೆ ಹೋದಾಗ ಆ ದೇಶದ ಬಾವುಟ ಹಾಕುವ ಜಾಗ ಅದು. ಗ್ರೇಟ್ ಬ್ರಿಡ್ಜ್ ಲಾಕ್‌ನಲ್ಲಿ, ಅಂದರೆ ಗೇಟು ಹಾಕಿ ನೀರಿನ ಮಟ್ಟ ಏರಿಸಿ ಇಳಿಸುವ ಕಟ್ಟೆಯಲ್ಲಿ, ಹಗ್ಗ ಹಿಡಿದ ಮನುಷ್ಯ ಯಾವ ದೇಶ ಅಂತ ಕೇಳಿದ. ಹೇಳಿದೆ. ಹಾಗೊಂದು ದೇಶ ಇದೆಯಾ ಅಂದ. ಅಷ್ಟರಲ್ಲಿ ಗೇಟು ತೆರೆಯಿತು.

ಲಾಕ್ ಬಗ್ಗೆ ತುಂಬಾ ಹೆದರಿದ್ದೆ. ಎರಡು ಮೂರು ಅಡಿ ಮೇಲೆ ಕೆಳಗೆ, ಅಷ್ಟೇ. ದೊಡ್ಡ ಕಲ್ಯಾಣಿಯಲ್ಲಿ ನಿಂತು ನೀರು ತುಂಬುವುದನ್ನು ನೋಡಿದ ಹಾಗೆ.

ಕೆರೆದಂಡೆ · ನವೆಂಬರ್ 6

ಎಕ್ಸೆಲ್ ಪ್ರಕಾರ ಇವತ್ತು ನಾವು 250ನೇ ಮೈಲಿಯಲ್ಲಿರಬೇಕು. ಇರುವುದು 50ರಲ್ಲಿ, ಕಾಯಿನ್‌ಜಾಕ್ ಅನ್ನುವ ಚಿಕ್ಕ ಊರು. ಗಾಳಿಗೆ ನಿಂತು ಮೂರನೇ ದಿನ. ಊರು ದನದ ಮಾಂಸದ ಊಟಕ್ಕೆ ಹೆಸರುವಾಸಿ, ನಾವು ತಿಳಿಸಾರು ಅನ್ನ. ಮುಂದೆ ಅಲ್ಬೆಮಾರ್ಲ್ ಸೌಂಡ್ ದಾಟಬೇಕು. ಅಗಲ ಹದಿನಾಲ್ಕು ಮೈಲಿ, ಆಳ ಮಾತ್ರ ಇಪ್ಪತ್ತಡಿ ಒಳಗೆ. ದೊಡ್ಡ ತಟ್ಟೆಯಲ್ಲಿ ನೀರು ಒಯ್ದ ಹಾಗೆ, ಸ್ವಲ್ಪ ಗಾಳಿಗೂ ತುಳುಕುತ್ತದೆ. ದಾಟಿದ ಮೇಲೆ ಅಲಿಗೇಟರ್ ನದಿಯ ತಿರುಗುವ ಸೇತುವೆ. ಗಾಳಿ ಜೋರಿದ್ದರೆ ಅದನ್ನು ತೆರೆಯುವುದೇ ಇಲ್ಲ. ದಾಟಿ ಹೋಗಿ ಅಲ್ಲಿ ಸಿಕ್ಕಿಹಾಕಿಕೊಂಡರೆ ಹಿಂದೆ ಬರಲೂ ಆಗದು.

ಡೀಸೆಲ್‌ರಾಮ · ನವೆಂಬರ್ 6

ಈಗ ನನ್ನ ಕಥೆ ಹೇಳುವ ಸಮಯ ಬಂತು.

ಕಳೆದ ವರ್ಷ ಇದೇ ತಿಂಗಳು. ನಮ್ಮನೆಯವಳು ಜಾಕ್ಸನ್‌ವಿಲ್‌ಗೆ ವಿಮಾನದಲ್ಲಿ ಬಂದು ದೋಣಿ ಹತ್ತುವುದು ಅಂತ ಟಿಕೆಟ್ ಮಾಡಿಸಿದ್ದೆವು. ಗುರುವಾರ ಸಂಜೆ. ನಾನು ಜಾರ್ಜಿಯಾದ ನಡುವಿನಲ್ಲಿದ್ದೆ. ಜೊತೆಗೆ ಒಬ್ಬ ಗೆಳೆಯ. ಜಾರ್ಜಿಯಾದಲ್ಲಿ ಭರತ ಇಳಿತದ ವ್ಯತ್ಯಾಸ ಏಳರಿಂದ ಒಂಬತ್ತು ಅಡಿ. ಲಿಟಲ್ ಮಡ್ ರಿವರ್ ಅಂತ ಒಂದು ತುಂಡಿದೆ. ಹೆಸರಲ್ಲೇ ಕೆಸರು. ಅಲ್ಲಿಗೆ ನೀರು ಏರುವಾಗ ಹೋಗಬೇಕು ಅಂತ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಕಾದರೆ ಒಂದು ದಿನ ಹೋಗುತ್ತದೆ, ಟಿಕೆಟ್ ಇದೆ. ನಡು ಕಾಲುವೆಯಲ್ಲಿ ಹೋದರೆ ಆಗುತ್ತದೆ ಅಂತ ಇಳಿಯುವ ನೀರಿನಲ್ಲೇ ನುಗ್ಗಿದೆ.

ಎದುರಿನಿಂದ ಒಂದು ದೊಡ್ಡ ಮೋಟರ್ ಬೋಟ್ ಬಂತು. ಜಾಗ ಬಿಡಲು ತಿರುವಿನ ಒಳಮಗ್ಗುಲಿಗೆ ಸರಿದೆ. ಆಳದ ಮೀಟರ್ 9, 7, 6. ಆಮೇಲೆ ಮೆತ್ತಗೆ, ಸೋಫಾದಲ್ಲಿ ಕೂತ ಹಾಗೆ, ದೋಣಿ ನಿಂತಿತು. ಹಿಂದಕ್ಕೆ ಗೇರ್ ಹಾಕಿದೆ. ಕೆಸರು ಕುದಿಯಿತು, ದೋಣಿ ಅಲ್ಲಾಡಲಿಲ್ಲ. ಬೆಳಿಗ್ಗೆ ಹನ್ನೊಂದೂವರೆ ಸಮಯ.

ಹನ್ನೆರಡೂವರೆಗೆ ನೆಲ ವಾಲಲು ಶುರುವಾಯಿತು. ಒಂದಕ್ಕೆ ಒಲೆಯ ಮೇಲಿದ್ದ ಸಾಂಬಾರು, ಕುಕ್ಕರ್ ಅಲ್ಲ ನೋಡಿ, ತೆರೆದ ಪಾತ್ರೆ, ಜಾರಿ ಎಡಗಡೆ ದಿಂಬಿನ ಮೇಲೆ ಸುರಿಯಿತು. ಎರಡಕ್ಕೆ ನಾವು ಗೋಡೆಯ ಮೇಲೆ ಕೂತಿದ್ದೆವು, ಗೋಡೆ ನೆಲವಾಗಿತ್ತು. ಹೊರಗೆ ನೋಡಿದರೆ ಸುತ್ತ ಮಿಣಮಿಣ ಕೆಸರು, ಅದರಲ್ಲಿ ಒಂದು ಬೆಳ್ಳಕ್ಕಿ ನಮ್ಮ ಚುಕ್ಕಾಣಿಯ ಪಕ್ಕದಲ್ಲಿ ಏಡಿ ಹೆಕ್ಕುತ್ತಿತ್ತು. ಎಳೆಯುವ ದೋಣಿಯವರಿಗೆ ಫೋನ್ ಮಾಡಿದರೆ, ನೀರಿಲ್ಲದ ಕಡೆ ನಮ್ಮ ದೋಣಿಯೂ ಬರಲ್ಲ ಸ್ವಾಮಿ, ಸಂಜೆ ತನಕ ಕೂತಿರಿ ಅಂದರು. ಸರಿಯಾಗೇ ಹೇಳಿದರು. ಆರಕ್ಕೆ ತಾನೇ ಎದ್ದು ನಿಂತಿತು, ಕತ್ತಲಾಗಿತ್ತು. ಹೆಂಡತಿಗೆ ಬೇರೆ ಊರಲ್ಲಿ ಎರಡು ರಾತ್ರಿ ಹೋಟೆಲು. ಅರಿಸಿನದ ಕಲೆ ದಿಂಬಿನ ಮೇಲೆ ಇನ್ನೂ ಇದೆ. ಅವಳು ಆ ಬದಿಯಲ್ಲಿ ಕೂರುವುದಿಲ್ಲ.

ಇಲ್ಲಿನ ದಕ್ಕೆಗಳಲ್ಲಿ ಒಂದು ಮಾತಿದೆ. ನೆಂಟರಿಗೆ ತಾರೀಕು ಹೇಳಿ, ಇಲ್ಲ ಊರು ಹೇಳಿ. ಎರಡೂ ಹೇಳಬೇಡಿ.

ಅಘನಾಶಿನಿ · ನವೆಂಬರ್ 7

ಡೀಸೆಲ್‌ರಾಮ ಅವರೇ, ಅವತ್ತು ತಿಥಿ ಯಾವುದು?

ಡೀಸೆಲ್‌ರಾಮ · ನವೆಂಬರ್ 7

ತಿಥಿನಾ? ನವೆಂಬರ್ 14. ಬಲಿಪಾಡ್ಯಮಿ. ಊರಿಂದ ಅಮ್ಮ ಫೋನ್ ಮಾಡಿ ಎಣ್ಣೆ ಸ್ನಾನ ಆಯ್ತಾ ಅಂತ ಕೇಳಿದ್ದರು, ಅದಕ್ಕೇ ನೆನಪಿದೆ.

ಅಘನಾಶಿನಿ · ನವೆಂಬರ್ 7

ಅಮಾವಾಸ್ಯೆ ಮಾರನೇ ದಿನ! ಅದಕ್ಕೇ ಮಾರಾಯ್ರೆ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಏರುತ್ತದೆ, ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿ ಆಗಿದ್ದರೆ ಇಷ್ಟು ಮಲಗುತ್ತಿರಲಿಲ್ಲ. ನಮ್ಮ ಕಡೆ ಎರಡು ಮೀಟರ್ ಬಂದರೆ ಜಾಸ್ತಿ, ಆದರೂ ಅಜ್ಜ ತಿಥಿ ಕೇಳದೆ ದೋಣಿ ನೀರಿಗೆ ಇಳಿಸುತ್ತಿರಲಿಲ್ಲ. ನಿಮ್ಮ ಪುಣ್ಯ, ಅರ್ಧ ಇಳಿದ ನೀರಿನಲ್ಲಿ ಕೂತಿರಿ. ಅಮಾವಾಸ್ಯೆಯ ತುಂಬು ನೀರಿನ ತುತ್ತತುದಿಯಲ್ಲಿ ಕೂತಿದ್ದರೆ ಮುಂದಿನ ಹುಣ್ಣಿಮೆ ತನಕ ಅಲ್ಲೇ ಸಂಸಾರ.

ಇನ್ನೊಂದು. ಒಂದು ಊರಿನಲ್ಲಿ ಅಮಾವಾಸ್ಯೆಯ ತುಂಬು ನೀರು ಎಷ್ಟು ಗಂಟೆಗೆ ಬರುತ್ತದೆ ಅಂತ ತಿಳಿದುಕೊಂಡರೆ ಸಾಕು, ಪ್ರತಿ ಅಮಾವಾಸ್ಯೆಗೂ ಹೆಚ್ಚೂಕಡಿಮೆ ಅದೇ ಹೊತ್ತು. ದಿನಕ್ಕೆ ಮುಕ್ಕಾಲು ಗಂಟೆಯಂತೆ ಮುಂದೆ ಹೋಗುತ್ತದೆ. ನಿಮ್ಮ ಜಾರ್ಜಿಯಾದಲ್ಲಿ ಎಷ್ಟು?

ಡೀಸೆಲ್‌ರಾಮ · ನವೆಂಬರ್ 7

ಬೆಳಿಗ್ಗೆ ಎಂಟರ ಆಸುಪಾಸು. ಮೊಬೈಲ್‌ನಲ್ಲಿ ಮೂರು ಆ್ಯಪ್ ಇಟ್ಟುಕೊಂಡು ನಾನು ಇದನ್ನು ಗಮನಿಸಿರಲಿಲ್ಲ ಅಣ್ಣ.

ಅಘನಾಶಿನಿ · ನವೆಂಬರ್ 7

ಹಾಗಾದರೆ ಕೆರೆದಂಡೆಯವರೇ, ಡಿಸೆಂಬರ್ 1 ಅಮಾವಾಸ್ಯೆ. ನೀವು ಜಾರ್ಜಿಯಾ ಮುಟ್ಟುವುದು ಆಗಲೇ ಇರಬಹುದು. ಬರೆದಿಟ್ಟುಕೊಳ್ಳಿ.

ಕೆರೆದಂಡೆ · ನವೆಂಬರ್ 23

ಜಾರ್ಜ್‌ಟೌನ್, ಸೌತ್ ಕ್ಯಾರೊಲಿನಾ, ಮೈಲಿ 400 ದಾಟಿದೆ. ಎಕ್ಸೆಲ್ ಶೀಟ್ ತೆಗೆದು ನೋಡಿ ಹತ್ತು ದಿನ ಆಯಿತು.

ಮರ್ಟಲ್ ಬೀಚ್ ಹಿಂದಿನ ಬಂಡೆ ತುಂಡು ದಾಟುವಾಗ ಬೆವರಿದೆ. ಎರಡೂ ಬದಿಗೆ ಕಲ್ಲಿನ ಹಲ್ಲು, ನಡುವೆ ಕಿರಿದಾದ ಓಣಿ. ಒಳಗೆ ಹೋಗುವ ಮುಂಚೆ ರೇಡಿಯೋದ 16ನೇ ಚಾನೆಲ್‌ನಲ್ಲಿ ಕೂಗಿ ಹೇಳಬೇಕು, ಎದುರಿನಿಂದ ಸರಕಿನ ಬಾರ್ಜ್ ಬರುತ್ತಿದ್ದರೆ ಗೊತ್ತಾಗಲಿ ಅಂತ. ಉಡುಪಿ ಕಡೆ ಕಿರಿದಾದ ತಿರುವಿನಲ್ಲಿ ಬಸ್ಸಿನವರು ಹಾರ್ನ್ ಹೊಡೆಯುವ ಹಾಗೆ. ಯಾರೂ ಬರಲಿಲ್ಲ.

ಅದು ಮುಗಿದ ಮೇಲೆ ವಾಕಮಾ ನದಿ. ಇಲ್ಲಿ ಮಾತ್ರ ಸುಮ್ಮನಾಗಿಬಿಟ್ಟೆವು. ನೀರು ಡಿಕಾಕ್ಷನ್ ಬಣ್ಣ. ಎಲೆ, ತೊಗಟೆ ಕೊಳೆತ ಬಣ್ಣವಂತೆ. ಸೈಪ್ರೆಸ್ ಮರಗಳು ನೀರಲ್ಲೇ ಕಾಲೂರಿ ನಿಂತಿವೆ, ಕೊಂಬೆಯಿಂದ ಬೂದು ಬಣ್ಣದ ಪಾಚಿ ಜಡೆ. ಎಂಜಿನ್ ಸದ್ದು ಬಿಟ್ಟರೆ ಬೇರೇನಿಲ್ಲ. ದೋಣಿಯ ಬಿಳಿ ಮೂತಿಗೆ ಎರಡೂ ಕಡೆ ಕಂದು ಕಲೆ ಹತ್ತಿದೆ. ಇಲ್ಲಿಯವರು ಅದನ್ನು ದೋಣಿಯ ಮೀಸೆ ಅನ್ನುತ್ತಾರೆ. ನಮ್ಮದು ವೀರಪ್ಪನ್ ಮೀಸೆ.

ಜಾರ್ಜ್‌ಟೌನ್ ಹತ್ತಿರ ಬಂದಾಗ ಮನೆಯವಳು ಕೈ ತೋರಿಸಿ, ಇದು ಗದ್ದೆ ಅಲ್ವಾ ಅಂದಳು. ನಾನು ಜೌಗು ಅಂದೆ. ಅಲ್ಲ, ಬದು ನೋಡಿ, ನೇರ ಇದೆ, ಕಾಲುವೆ ಇದೆ, ಗದ್ದೆಯೇ ಅಂದಳು. ಅವಳದು ಮಂಡ್ಯ ಕಡೆ, ಒಪ್ಪಲೇಬೇಕು. ಊರೊಳಗೆ ಹೋಗಿ ಅಕ್ಕಿ ಮ್ಯೂಸಿಯಂ ನೋಡಿದರೆ, ಹೌದು. 1840ರ ಹೊತ್ತಿಗೆ ಇಡೀ ಅಮೆರಿಕದ ಅಕ್ಕಿಯಲ್ಲಿ ಅರ್ಧದ ಹತ್ತಿರ ಈ ಒಂದು ಜಿಲ್ಲೆಯಲ್ಲೇ ಬೆಳೆಯುತ್ತಿದ್ದರಂತೆ. ಬೆಳೆದವರು ಗುಲಾಮರು, ಅವರಲ್ಲಿ ಎಷ್ಟೋ ಜನ ಪಶ್ಚಿಮ ಆಫ್ರಿಕಾದ ಅಕ್ಕಿ ಬೆಳೆಯುವ ನಾಡಿನಿಂದ ಹಿಡಿದು ತಂದವರು. ಭರತದಲ್ಲಿ ಏರುವ ಸಿಹಿನೀರನ್ನು ಮರದ ತೂಬು ಎತ್ತಿ ಗದ್ದೆಗೆ ಬಿಡುವುದು, ಇಳಿತದಲ್ಲಿ ಹೊರಗೆ ಹಾಕುವುದು. ಮೈಲಿಗಟ್ಟಲೆ ಬದು, ಎಲ್ಲಾ ಕೈಯಲ್ಲಿ ಹಾಕಿದ್ದು. ಗುಲಾಮಗಿರಿ ಹೋಯಿತು, ಸಾಗುವಳಿ ಕುಸಿಯಿತು. ಬದು ಮಾತ್ರ ಇನ್ನೂ ಇದೆ.

ಅವಳು ಆ ಮರದ ತೂಬಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ರಾತ್ರಿ ಅನ್ನ ಬಡಿಸುವಾಗಲೂ ಅದೇ ಮಾತು.

ಅಘನಾಶಿನಿ · ನವೆಂಬರ್ 24

ನಮ್ಮಲ್ಲಿ ಗಜನಿ ಗದ್ದೆ ಅಂತ ಇದೆ. ಅಳಿವೆ ಪಕ್ಕದ ತಗ್ಗು. ಕಗ್ಗ ಅನ್ನುವ ಭತ್ತ, ಉಪ್ಪು ನೀರು ನುಗ್ಗಿದರೂ ಸಾಯುವುದಿಲ್ಲ. ತೂಬಿನ ಬಾಗಿಲು ತೆಗೆದು ಹಾಕಿ ಭರತ ಇಳಿತದ ನೀರು ಆಡಿಸುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು. ಬದು ಒಡೆದರೆ ಊರೆಲ್ಲಾ ಸೇರಿ ಕಟ್ಟಬೇಕು. ಈಗ ಎಷ್ಟೋ ಕಡೆ ಯಾರೂ ಕಟ್ಟುತ್ತಿಲ್ಲ. ಆ ತೂಬಿನ ಚಿತ್ರ ಇದ್ದರೆ ಹಾಕಿ.

ಬಿಸಿಲುಬೆಂಗಳೂರು · ನವೆಂಬರ್ 24

ವಿಮಾನದಲ್ಲಿ ಹೋದರೆ ಇದು ಕಾಣುತ್ತಿರಲಿಲ್ಲ, ಒಪ್ಪಿದೆ. ಆದರೆ ಇದು ಹಾಯಿ ಪ್ರಯಾಣ ಅಂತ ಒಪ್ಪಲ್ಲ. ಹಾಯಿ ಎಷ್ಟು ದಿನ ಬಿಚ್ಚಿದಿರಿ?

ಕೆರೆದಂಡೆ · ನವೆಂಬರ್ 25

ನಾಲ್ಕು ದಿನ. ನ್ಯೂಸ್ ನದಿಯಲ್ಲಿ ಒಂದು ಮಧ್ಯಾಹ್ನ ಎಂಜಿನ್ ಪೂರ್ತಿ ಆರಿಸಿದ್ದೆ. ಉಳಿದಂತೆ ನೀವು ಹೇಳಿದ್ದೇ ಸರಿ. ಕಂಬ ಹೊತ್ತ ಮೋಟರ್ ಬೋಟ್.

ಕೆರೆದಂಡೆ · ಡಿಸೆಂಬರ್ 4

ಬರೆಯುತ್ತಿರುವುದು ಕೆರೆದಂಡೆಯ ಹೆಂಡತಿ. ಅವರು ಎಂಜಿನ್ ಕೆಳಗೆ ತಲೆ ಹಾಕಿದ್ದಾರೆ, ಆಯಿಲ್ ಬದಲಾಯಿಸುತ್ತಿದ್ದಾರೆ.

ಅಘನಾಶಿನಿ ಅಣ್ಣನಿಗೆ ಹೇಳಬೇಕಿತ್ತು. ಲಿಟಲ್ ಮಡ್ ದಾಟಿದೆವು. ಹಿಂದಿನ ದಿನ ಹತ್ತಿರವೇ ಲಂಗರು ಹಾಕಿ ನಿಂತೆವು. ನಮ್ಮವರಿಗೆ ಮಧ್ಯಾಹ್ನ ಎರಡಕ್ಕೇ ಹೋಗಿಬಿಡೋಣ ಅಂತ ಆಸೆ. ನಾನು ಫೋನ್ ತೆಗೆದು ಸಾಂಬಾರಿನ ಕಥೆ ಮತ್ತೊಮ್ಮೆ ಜೋರಾಗಿ ಓದಿದೆ. ಸುಮ್ಮನಾದರು. ಮಾರನೇ ಬೆಳಿಗ್ಗೆ ಬೆಳಕು ಹರಿಯುತ್ತಲೇ, ಏರುವ ನೀರಿನಲ್ಲಿ ಹೋದೆವು. ಡೀಸೆಲ್‌ರಾಮ ಅವರ ದೋಣಿ ಮಲಗಿದ ತಿರುವಿನಲ್ಲಿ ಮೀಟರ್ 13 ಅಡಿ ತೋರಿಸಿತು. ಮಂಜು ಇತ್ತು. ಡಾಲ್ಫಿನ್ ಎರಡು ಪಕ್ಕದಲ್ಲೇ ಉಸಿರು ಬಿಟ್ಟವು, ಬೆಚ್ಚಿಬಿದ್ದೆ. ನಮ್ಮ ಹಿಂದೆ ಬರುತ್ತಿದ್ದ ದೋಣಿಯವರು ಈ ಹೊತ್ತನ್ನು ಯಾವ ಆ್ಯಪ್‌ನಲ್ಲಿ ನೋಡಿದಿರಿ ಅಂತ ಕೇಳಿದರು. ಪಂಚಾಂಗ ಅಂದೆ. ಡೌನ್‌ಲೋಡ್ ಮಾಡುತ್ತೇವೆ ಅಂದರು.

ಕಂಬರ್‌ಲ್ಯಾಂಡ್ ದ್ವೀಪದಲ್ಲಿ ಕಾಡು ಕುದುರೆಗಳು. ದಡದ ಹುಲ್ಲು ಮೇಯುತ್ತಾ ನಮ್ಮನ್ನು ನೋಡಿದವು, ಆಮೇಲೆ ನೋಡಲಿಲ್ಲ.

ಅಘನಾಶಿನಿ · ಡಿಸೆಂಬರ್ 5

ಖುಷಿ ಆಯ್ತು ತಂಗಿ. ಅಜ್ಜ ಇದ್ದಿದ್ದರೆ ಹೇಳುತ್ತಿದ್ದೆ.

ವಿಮಲಾ_ಜಾಕ್ಸನ್‌ವಿಲ್ · ಡಿಸೆಂಬರ್ 5

ಫರ್ನಾಂಡಿನಾಕ್ಕೆ ಬಂದಿರಾದರೆ ಫೋನ್ ಮಾಡಿ. ಬಟ್ಟೆ ಒಗೆಯುವ ಮೆಷಿನ್ನೂ ಬಿಸಿನೀರ ಸ್ನಾನವೂ ನಮ್ಮ ಮನೆಯಲ್ಲಿ. ಫ್ಲೋರಿಡಾದಲ್ಲಿ ಈಗ ಕಡಲಹಸುಗಳಿಗೆ (ಮ್ಯಾನಟೀ) ದೋಣಿ ತಾಗದಿರಲಿ ಅಂತ ಮಾಡಿದ ವಲಯಗಳು ಶುರುವಾಗಿವೆ, ಬಹಳ ಕಡೆ ನವೆಂಬರ್ 15ರಿಂದ ಮಾರ್ಚ್ 31ರ ತನಕ ನಿಧಾನ ಹೋಗಬೇಕು. ನಿಮಗೆ ಅದರ ತೊಂದರೆಯಿಲ್ಲ, ನೀವು ಹೋಗುವುದೇ ಹಾಗೆ.

ಕೆರೆದಂಡೆ · ಡಿಸೆಂಬರ್ 12

ಸೇಂಟ್ ಅಗಸ್ಟೀನ್. ಮೈಲಿ 778. ವಿಮಲಕ್ಕನ ಮನೆಯಲ್ಲಿ ಮೂರು ದಿನ ಇದ್ದೆವು. ಹೊರಡುವಾಗ ಡಬ್ಬದ ತುಂಬಾ ಕೋಡುಬಳೆ ಕೊಟ್ಟು ಕಳಿಸಿದರು.

ಇಲ್ಲಿ ಬಾಡಿಗೆ ಬಾಯ್‌ಗೆ ದೋಣಿ ಕಟ್ಟಿದ್ದೇವೆ. ಎದುರಿಗೆ ಸ್ಪೇನ್‌ನವರ ಕೋಟೆ. ಕಪ್ಪೆಚಿಪ್ಪು ಗಟ್ಟಿಯಾಗಿ ಆದ ಕಲ್ಲಿನಲ್ಲಿ ಕಟ್ಟಿದ್ದು, 1672ರಲ್ಲಿ ಶುರು ಮಾಡಿ 1695ರಲ್ಲಿ ಮುಗಿಸಿದರು. ಕೈಯಲ್ಲಿ ಮುಟ್ಟಿದರೆ ಒಂದೊಂದು ಚಿಪ್ಪೂ ಬೆರಳಿಗೆ ಸಿಗುತ್ತದೆ. ಊರು ಹುಟ್ಟಿದ್ದು 1565ರ ಸೆಪ್ಟೆಂಬರ್. ಬೋರ್ಡಿನ ಮುಂದೆ ನಿಂತು 1565, 1565 ಅಂತ ಏನೋ ನೆನಪಾಗುತ್ತಿತ್ತು. ಮನೆಯವಳು ಹೇಳಿದಳು, ರಕ್ಕಸತಂಗಡಿ. ಅದೇ ವರ್ಷದ ಜನವರಿ. ಅಲ್ಲಿ ಹಂಪಿ ಸುಡುತ್ತಿದ್ದ ವರ್ಷವೇ ಇಲ್ಲಿ ಮೊದಲ ಗುಡಿಸಲು ಹಾಕುತ್ತಿದ್ದರು.

ಮಗಳು ರಜೆಗೆ ಬರುತ್ತೇನೆ ಅಂದಿದ್ದಾಳೆ. ಕ್ರಿಸ್‌ಮಸ್‌ಗೆ ಬಾ, ಎಲ್ಲಿಗೆ ಅಂತ ಹಿಂದಿನ ದಿನ ಹೇಳುತ್ತೇವೆ ಅಂದೆವು. ಬೈದಳು.

ಡೀಸೆಲ್‌ರಾಮ · ಡಿಸೆಂಬರ್ 12

ಬೈಯಲಿ. ಮಯಾಮಿ ಯಾವಾಗ?

ಕೆರೆದಂಡೆ · ಡಿಸೆಂಬರ್ 12

ಗೊತ್ತಿಲ್ಲ. ಟೈಟಸ್‌ವಿಲ್‌ನಲ್ಲಿ ಲಂಗರು ಹಾಕಿದರೆ ಕೆನಡಿ ಕೇಂದ್ರದ ರಾಕೆಟ್ ದೋಣಿಯಿಂದಲೇ ಕಾಣುತ್ತದಂತೆ, ಅದಕ್ಕೆ ಸ್ವಲ್ಪ ನಿಲ್ಲಬೇಕು. ಸದ್ಯಕ್ಕೆ ನಾಳೆ ಬೆಳಿಗ್ಗೆ ಇಲ್ಲಿಯ ಸಿಂಹದ ಸೇತುವೆ ದಾಟಬೇಕು. ಹಗಲು ಅರ್ಧ ಗಂಟೆಗೊಮ್ಮೆ ತೆರೆಯುತ್ತಾರೆ. ಕೆಲಸದ ದಿನ ಬೆಳಿಗ್ಗೆ ಎಂಟು, ಮಧ್ಯಾಹ್ನ ಹನ್ನೆರಡು, ಸಂಜೆ ಐದರದ್ದು ಇಲ್ಲ, ಕಾರುಗಳ ಓಡಾಟಕ್ಕೆ. ಏಳೂವರೆಯದು ತಪ್ಪಿದರೆ ಎಂಟೂವರೆ. ಅಲಾರಂ ಇಟ್ಟಿಲ್ಲ.